ಜಾವಾ ಅಣ್ಣನಿಗೆ, ಕಾರ್ಬುರೇಟರ್ ತಮ್ಮನಿಗೆ

ಹನುಮಂತನಗರದ ನಂದಕುಮಾರ್ ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಬಂದ ಪತ್ರಗಳಿಗೆಲ್ಲ ನಂಬರು ಹಾಕಿ ನಿವೃತ್ತರಾದವರು. ಪತ್ರದೊಳಗೆ ಏನಿದೆ ಎಂದು ಓದುವುದು ಅವರ ಕೆಲಸವಾಗಿರಲಿಲ್ಲ. ಅದರ ಬಗ್ಗೆ ಅಭಿಪ್ರಾಯ ಹೇಳುವುದಂತೂ ಮೇಲಿನವರ ಹಕ್ಕು. ಈ ಅಭ್ಯಾಸ ಮನೆಗೂ ಬಂದಿತ್ತು. ಹುಳಿಗೆ ಉಪ್ಪು ಸಾಕೇ ಎಂದು ಹೆಂಡತಿ ಲತಾಮಣಿ ಕೇಳಿದರೆ ಎರಡು ಸಲ ಚಪ್ಪರಿಸಿ, "ಪರಿಶೀಲಿಸೋಣ" ಎನ್ನುತ್ತಿದ್ದರು. ಹೀಗೆ ಅರವತ್ತೆರಡು ವರ್ಷ ಯಾವ ವಿಷಯಕ್ಕೂ ತಲೆ ಕೊಡದೆ ಸುಖವಾಗಿದ್ದ ಮನುಷ್ಯ, ಒಂದು ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿನ ಮುಂದೆ ಬಾಯಿ ತೆರೆದದ್ದೇ ಎಲ್ಲಕ್ಕೂ ಮೂಲವಾಯಿತು.

ಅಲ್ಲಿ ಮನೋಜ್ ಎಂಬ ತರುಣ ತನ್ನ ತಾತನ ಕಾಲದ ಬುಲೆಟ್ಟನ್ನು ಒದೆಯುತ್ತ ನಿಂತಿದ್ದ. ಹಳೆಯ ಮೋಟರ್‌ಸೈಕಲ್ ಪ್ರೇಮಿಗಳ ಸಂಘಕ್ಕೆ ಅವನೇ ಕಾರ್ಯದರ್ಶಿ. ಇಪ್ಪತ್ತು ಸಲ ಒದ್ದರೂ ಗಾಡಿ ಕೆಮ್ಮಿ ಸುಮ್ಮನಾಗುತ್ತಿತ್ತು. ವಾಕಿಂಗ್ ಮುಗಿಸಿದ ಹತ್ತು ಮಂದಿ ಸುತ್ತ ನಿಂತು ತಲೆಗೊಂದು ಸಲಹೆ ಕೊಡುತ್ತಿದ್ದರು. ಎಲ್ಲರೂ ಏನೋ ಹೇಳುವಾಗ ತಾವೊಬ್ಬರೇ ಸುಮ್ಮನಿರುವುದು ನಂದಕುಮಾರರಿಗೆ ಅಂದು ಯಾಕೋ ಅವಮಾನವೆನಿಸಿತು. ಅವರ ಮನೆಯಲ್ಲಿ ಹಿಂದೆ ಒಂದು ಸ್ಕೂಟರ್ ಇತ್ತು. ಓಡಿಸುತ್ತಿದ್ದವರು ಲತಾಮಣಿ, ಇವರು ತರಕಾರಿ ಚೀಲದ ಜೊತೆ ಹಿಂದೆ ಕೂರುತ್ತಿದ್ದರು. ಅದು ಕೆಟ್ಟಾಗಲೆಲ್ಲ ಮೆಕ್ಯಾನಿಕ್ ಹೇಳುತ್ತಿದ್ದ ಒಂದೇ ಒಂದು ವಾಕ್ಯ ಅವರಿಗೆ ಬಾಯಿಪಾಠವಾಗಿತ್ತು.

"ಕಾರ್ಬುರೇಟರಲ್ಲಿ ಕಸ ಕೂತಿರ್ಬೇಕು. ತಟ್ಟಿ ನೋಡಪ್ಪ," ಎಂದರು.

ಮನೋಜ್ ಸ್ಪ್ಯಾನರ್ ತೆಗೆದು ಎರಡು ತಟ್ಟಿ ಒದ್ದ. ಗಾಡಿ ಗುಡುಗಿತು. ಪಾರ್ಕಿನ ಪಾರಿವಾಳಗಳೆಲ್ಲ ಹಾರಿದವು.

"ಅಂಕಲ್! ಸಖತ್! ಶಬ್ದ ಕೇಳೇ ಹೇಳ್ಬಿಟ್ರಲ್ಲ!"

ಆಗಲೇ ನಂದಕುಮಾರ್ "ಏನೋ ಅಂದಾಜಿಗೆ ಹೇಳಿದೆ" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅವರು ಹಾಗೆನ್ನಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬಹಳ ವರ್ಷದ ಅನುಭವ," ಎಂದುಬಿಟ್ಟರು.

ಸಂಜೆಯೊಳಗೆ ಸಂಘದ ವಾಟ್ಸಾಪಿನಲ್ಲಿ ಅವರ ಫೋಟೊ ಬಿತ್ತು. ಮರುವಾರದಿಂದ ಜನ ಹಳೆಯ ಕಾರ್ಬುರೇಟರುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಬರತೊಡಗಿದರು. ಇದು ಅಸಲಿಯೋ ನಕಲಿಯೋ, ಎಷ್ಟು ಬಾಳುತ್ತೆ, ಮತ್ತೆ ಮೊದಲಿನಂತಾಗುತ್ತಾ ಎಂದು ಕೇಳುವವರು. ನಂದಕುಮಾರ್ ಹನ್ನೊಂದು ನಿಮಿಷದ ಒಂದು ವಿಡಿಯೋ ನೋಡಿ ಒಂದು ಪದ್ಧತಿ ಮಾಡಿಕೊಂಡರು. ಕಾರ್ಬುರೇಟರನ್ನು ಬೆಳಕಿಗೆ ಹಿಡಿಯುವುದು, ಒಂದು ತೂತಿನಲ್ಲಿ ಊದಿ ಇನ್ನೊಂದು ತೂತಿಗೆ ಕಿವಿ ಕೊಡುವುದು, ಮೂಸುವುದು, ಕೊನೆಗೆ ಕಣ್ಣು ಮುಚ್ಚಿ "ಬಾಡಿ ಒರಿಜಿನಲ್ಲು" ಎನ್ನುವುದು. ಬಂದವರು ಕೈಮುಗಿದು ಹೋಗುತ್ತಿದ್ದರು. ಕೀಲುನೋವಿನ ಡಾಕ್ಟರಿಗೂ ಆ ಬೀದಿಯಲ್ಲಿ ಅಷ್ಟು ಮರ್ಯಾದೆ ಇರಲಿಲ್ಲ. "ಕಾರ್ಬುರೇಟರ್ ನಂದಣ್ಣ" ಎಂದರೆ ಬಸ್ ಸ್ಟಾಪಿನ ಹೂವಿನವಳೂ ಮನೆ ತೋರಿಸುತ್ತಿದ್ದಳು.

"ಬಂದೋರಿಗೆಲ್ಲ ಕಾಫಿ ಕೊಟ್ಟು ಕೊಟ್ಟು ಡಿಕಾಕ್ಷನ್ ಸಾಲ್ತಿಲ್ಲ," ಎಂದರು ಲತಾಮಣಿ. "ಮನೆಯೆಲ್ಲ ಪೆಟ್ರೋಲ್ ಬಂಕ್ ವಾಸನೆ. ನಿಮಗೆ ಅದರ ತಲೆ ಯಾವುದು ಬಾಲ ಯಾವುದು ಗೊತ್ತೇನ್ರೀ?"

"ಪರಿಶೀಲಿಸ್ತಿದ್ದೀನಿ," ಎಂದರು ನಂದಕುಮಾರ್.

ಹೀಗಿರುವಾಗ ಗಿರಿನಗರದಿಂದ ಶ್ವೇತ ಎಂಬ ಹುಡುಗಿ ಬಂದಳು. ಅವಳ ಸಮಸ್ಯೆ ಊದಿ ಮೂಸಿ ಮುಗಿಯುವಂಥದ್ದಾಗಿರಲಿಲ್ಲ. ಅವಳ ತಾತ ಅಂಜನಾಪುರದ ಕಡೆ ಹೊಲ ಮಾಡುತ್ತಿದ್ದಾಗ ಒಂದು ಜಾವಾ ಮೋಟರ್‌ಸೈಕಲ್ ಕೊಂಡಿದ್ದರು. ತಾತ ತೀರಿಕೊಂಡ ಮೇಲೆ ಹೊಲ ಸೈಟುಗಳಾಗಿ, ಸೈಟುಗಳು ಬಾಡಿಗೆ ಮನೆಗಳಾಗಿ, ಇಬ್ಬರು ಮಕ್ಕಳಿಗೂ ಸಮನಾಗಿ ಹಂಚಿಕೆಯಾದವು. ಜಾವಾ ಮಾತ್ರ ಒಂದೇ ಇತ್ತು. ಅದು ಹಿರಿಯವನಾದ ತನಗೆ ಸೇರಬೇಕೆಂದು ಶ್ವೇತಳ ಅಪ್ಪ ಗಂಗಾಧರಯ್ಯ ಗಿರಿನಗರಕ್ಕೆ ಲಾರಿಯಲ್ಲಿ ಏರಿಸಿಕೊಂಡು ಬಂದರು. ಮನೆಗೆ ಬಂದು ನೋಡಿದರೆ ಕಾರ್ಬುರೇಟರ್ ಇರಲಿಲ್ಲ. ತಮ್ಮ ಚಲುವರಾಜು ಅದನ್ನು ಬಿಚ್ಚಿ ಅಂಜನಾಪುರದ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಇದಾಗಿ ಹದಿನೆಂಟು ವರ್ಷ. ಅಂದಿನಿಂದ ಅಣ್ಣತಮ್ಮಂದಿರು ಮಾತಾಡಿಲ್ಲ.

"ಈಗ ಏನಾಗ್ಬೇಕಮ್ಮ?" ಎಂದರು ನಂದಕುಮಾರ್.

"ಅಜ್ಜಿಗೆ ಮುಂದಿನ ತಿಂಗಳು ಮಂಡಿ ಆಪರೇಷನ್ ಅಂಕಲ್. ಅದಕ್ಕೆ ಮುಂಚೆ ಒಂದೇ ಒಂದ್ ಸಲ ತಾತನ ಗಾಡಿ ಮೇಲೆ ಹೋಗ್ಬೇಕಂತೆ. ಚಿಕ್ಕಪ್ಪ ಬೆಲೆ ಕಟ್ಟಿದ್ರೆ ಕಾರ್ಬುರೇಟರ್ ಕೊಡ್ತೀನಿ ಅಂತಾರೆ, ನಮ್ಮಪ್ಪ ನ್ಯಾಯವಾದ ಬೆಲೆ ಆದ್ರೆ ತಗೋತೀನಿ ಅಂತಾರೆ. ನೀವೇ ಬಂದು ಬೆಲೆ ಹೇಳ್ಬೇಕು. ಇಬ್ರೂ ನಿಮ್ಮನ್ನ ಒಪ್ಪಿದಾರೆ."

ಇಬ್ಬರೂ ಒಪ್ಪುವ ಮನುಷ್ಯ ತಾನು! ನಂದಕುಮಾರ್ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೊರಟರು.

ಗಿರಿನಗರದ ಮನೆಯ ಪೋರ್ಟಿಕೋದಲ್ಲಿ ಜಾವಾ ಕೆಂಪಗೆ ನಿಂತಿತ್ತು. ಒಳಗೆ ಹಾಲಿನಲ್ಲಿ ಅಣ್ಣ ಕಿಟಕಿಯ ಕಡೆ, ತಮ್ಮ ಟೀವಿಯ ಕಡೆ ಮುಖ ಮಾಡಿ ಕೂತಿದ್ದರು. ಮೂಲೆಯಲ್ಲಿ ಎಂಬತ್ತೆರಡರ ಅಜ್ಜಿ ಬೈರಮ್ಮ ಎಲೆ ಅಡಿಕೆ ಹಾಕಿಕೊಂಡು ಕಾಲು ನೀಡಿದ್ದರು. ಚಲುವರಾಜು ರೇಷ್ಮೆ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಸ್ಟೀಲ್ ಡಬ್ಬಿಯನ್ನು ಬಿಚ್ಚಿ ಟೀಪಾಯಿಯ ಮೇಲಿಟ್ಟ. ಒಳಗೆ ಮಸಿ ಹಿಡಿದ, ಗೆಣಸಿನಂಥ ಒಂದು ವಸ್ತು. ಮೈಮೇಲೆ ಜಿಕೋವ್ ಎಂದು ಅದನ್ನು ಮಾಡಿದ ಕಂಪನಿಯ ಹೆಸರು. ರಷ್ಯಾದ ಚೆಸ್ ಆಟಗಾರನೊಬ್ಬನಿಗೆ ಸೇರಿದ್ದಿರಬೇಕೆಂದು ನಂದಕುಮಾರ್ ಮನಸ್ಸಿನಲ್ಲೇ ತೀರ್ಮಾನಿಸಿದರು.

"ನಂದಣ್ಣೋರೇ, ಅವರ್ಗೆ ಹೇಳಿ," ಎಂದರು ಗಂಗಾಧರಯ್ಯ ಕಿಟಕಿಯ ಕಂಬಿಗೆ. "ಗಾಡಿ ಇಲ್ದಿದ್ರೆ ಅದು ಕಾರ್ಬುರೇಟರ್ ಅಲ್ಲ, ನಲ್ಲಿ!"

"ಅವರ್ಗೂ ಹೇಳಿ," ಎಂದ ಚಲುವರಾಜು ಟೀವಿಗೆ. "ಇದು ಇಲ್ದಿದ್ರೆ ಅದು ಗಾಡಿ ಅಲ್ಲ, ಬಟ್ಟೆ ಒಣಗಾಕೋ ಸ್ಟ್ಯಾಂಡು!"

ನಂದಕುಮಾರ್ ಎರಡನ್ನೂ ಚಾಚೂ ತಪ್ಪದೆ ಆಯಾ ಕಡೆಗೆ ತಲುಪಿಸಿದರು. ಅದು ಅವರಿಗೆ ಗೊತ್ತಿದ್ದ ಕೆಲಸವೇ.

"ಅಯ್ಯೋ, ಸೊಪ್ಪಿನ ಗಂಟು ತೊಡೆ ಮೇಲಿಟ್ಕೊಂಡು ಸಿಟಿ ಮಾರ್ಕೆಟ್ ಗಂಟ ಹೋಗ್ತಿದ್ದೆ ಕಣಪ್ಪ ಅದ್ರ ಮೇಲೆ," ಎಂದರು ಬೈರಮ್ಮ. "ಅದೇನು ಊದ್ತೀಯೋ ಬೇಗ ಊದು."

ನಂದಕುಮಾರ್ ಊದಿದರು. ಹದಿನೆಂಟು ವರ್ಷದ ಧೂಳು ಬಾಯಿಗೇ ವಾಪಸು ಬಂತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬೆಲೆ ಎಂದು ಒಂದು ಅಂಕೆ ಹೇಳಬೇಕು, ಆದರೆ ನೂರೋ ಲಕ್ಷವೋ ಎಂಬ ಅಂದಾಜೂ ಅವರಿಗಿರಲಿಲ್ಲ. ಕೆಮ್ಮು ನಿಂತ ಮೇಲೆ, "ರೆಸ್ಟೋರ್ ಮಾಡದೆ ಬೆಲೆ ಹೇಳಕ್ಕಾಗಲ್ಲ. ಮನೆಗೆ ತಗೊಂಡು ಹೋಗ್ತೀನಿ. ಮುಂದಿನ ಭಾನುವಾರ ತೀರ್ಪು," ಎಂದರು. ತೀರ್ಪು ಎಂಬ ಮಾತು ಬಾಯಿಂದ ಹೇಗೆ ಬಂತೆಂದು ಅವರಿಗೇ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಗಂಗಾಧರಯ್ಯ ಒಂದು ಬುಟ್ಟಿ ಅವರೆಕಾಯಿ ಹೊರಿಸಿಕೊಂಡು ಹನುಮಂತನಗರಕ್ಕೆ ಬಂದರು. "ಸಾರ್, ನೀವು ದೊಡ್ಡೋರು. ಐನೂರು ರೂಪಾಯಿ ದಾಟದಂಗೆ ನೋಡ್ಕೊಳಿ."

"ಪರಿಶೀಲಿಸೋಣ," ಎಂದರು ನಂದಕುಮಾರ್.

ಮಧ್ಯಾಹ್ನ ಚಲುವರಾಜು ಮೂವತ್ತು ತೆಂಗಿನಕಾಯಿ ಇಳಿಸಿದ. "ಸಾರ್, ಲಕ್ಷಕ್ಕೆ ಕಮ್ಮಿ ಆಗ್ಬಾರ್ದು. ಮರ್ಯಾದೆ ಪ್ರಶ್ನೆ."

"ಪರಿಶೀಲಿಸೋಣ."

ಇಬ್ಬರೂ ನಂದಕುಮಾರರ ಕೈಹಿಡಿದು, ಕಣ್ಣಿಗೊತ್ತಿಕೊಂಡು ಹೋದರು. ಒಂದೇ ಮಾತನ್ನು ಇಬ್ಬರೂ ಒಪ್ಪಿಗೆಯೆಂದೇ ತಿಳಿದಿದ್ದರು. ಕಾರ್ಬುರೇಟರ್ ವಿದ್ಯೆಯ ಬಗ್ಗೆ ಲತಾಮಣಿಯವರಿಗೆ ಮೊದಲ ಬಾರಿಗೆ ಗೌರವ ಹುಟ್ಟಿದ್ದೂ ಅಂದೇ. ಅವರು ತೆಂಗಿನಕಾಯಿಗಳನ್ನು ಮಂಚದ ಕೆಳಗೆ ಜೋಡಿಸಿ, ಅವರೆಕಾಳು ಸುಲಿಯಲು ಕೂತರು.

ಇತ್ತ ನಂದಕುಮಾರ್ ಬಚ್ಚಲಮನೆಯಲ್ಲಿ ಪೇಪರ್ ಹಾಸಿ ಜಿಕೋವನ್ನು ಬಿಚ್ಚಿದರು. ಬಿಚ್ಚುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಈ ಕಸುಬಿಗೆ ಇಳಿಯುತ್ತಿದ್ದರು. ಹತ್ತೊಂಬತ್ತು ಭಾಗಗಳಾದವು. ಹುಣಿಸೆ ನೀರಿನಲ್ಲಿ ಕುದಿಸಿದರೆ ಮಸಿ ಬಿಡುತ್ತದೆಂದು ವಿಡಿಯೋದಲ್ಲಿತ್ತು. ಲತಾಮಣಿ ಕರಿಬೇವಿಗೆಂದು ಅಂಗಡಿಗೆ ಹೋದ ಹೊತ್ತು ನೋಡಿ, ಅಡುಗೆಮನೆಯಲ್ಲಿ ಸಿಕ್ಕ ದೊಡ್ಡ ಪಾತ್ರೆಗೆ ಹುಣಿಸೆಹಣ್ಣು ಕಿವುಚಿ, ಹತ್ತೊಂಬತ್ತನ್ನೂ ಹಾಕಿ ಒಲೆಯ ಮೇಲಿಟ್ಟರು. ಆಮೇಲೆ ಹಲ್ಲುಜ್ಜುವ ಬ್ರಷ್ ಹುಡುಕಲು ಹೋದರು.

ಮೇಲಿನ ಮನೆಯಲ್ಲಿ ಅನಂತಪದ್ಮನಾಭ ಎಂಬ ಒಂಟಿ ಮನುಷ್ಯ. ಮನೆ ಮಾಲೀಕರೂ ಅವರೇ. ಬೆಳಿಗ್ಗೆ ಅವರೆಕಾಯಿ ಬುಟ್ಟಿ ಬಂದದ್ದನ್ನು ಬಾಲ್ಕನಿಯಿಂದ ನೋಡಿದ್ದ ಅವರು, ಹುಣಿಸೆಯ ಘಾಟು ಮೆಟ್ಟಿಲು ಹತ್ತಿ ಬಂದೊಡನೆ ಒಂದು ಬಟ್ಟಲು ಹಿಡಿದು ಇಳಿದೇಬಿಟ್ಟರು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅವರಿಗೆ ಆ ಮನೆಯಲ್ಲಿ ಸಂಕೋಚವೂ ಇರಲಿಲ್ಲ. ಸೌಟು ಹಾಕಿ ಬಡಿಸಿಕೊಂಡು, ನಾಲಿಗೆಗೆ ತಾಗಿಸಿ, ಸಿಕ್ಕಿದ ಹೋಳೊಂದನ್ನು ಕಚ್ಚಿ, ಮುಖವನ್ನು ನಾಲ್ಕು ದಿಕ್ಕಿಗೂ ತಿರುಚಿದರು. ಕರಿಬೇವು ಹಿಡಿದು ಬಂದ ಲತಾಮಣಿಯವರ ಕಣ್ಣಿಗೆ ಬಿದ್ದದ್ದು, ಬಟ್ಟಲಿಂದ ಒಂದು ಹಿತ್ತಾಳೆ ಕೊಳವೆಯನ್ನು ಎತ್ತಿ ಹಿಡಿದು ನೋಡುತ್ತಿದ್ದ ಮಾಲೀಕರು.

"ಲತಾಮಣಿಯೋರೇ, ಸಾರು ಪರವಾಗಿಲ್ಲ, ಇಂಗು ಸ್ವಲ್ಪ ಮುಂದಾಗಿದೆ," ಎಂದರು ಅವರು ಸಭ್ಯತೆ ಬಿಡದೆ. "ಆದ್ರೆ ಈ ನುಗ್ಗೇಕಾಯಿ ಬೆಂದಿಲ್ಲ."

ಆಮೇಲೆ ನಡೆದದ್ದನ್ನು ವಿವರವಾಗಿ ಹೇಳುವುದು ಒಂದು ಸಂಸಾರದ ಮರ್ಯಾದೆಗೆ ತಕ್ಕದ್ದಲ್ಲ. ಅನಂತಪದ್ಮನಾಭ ಹನ್ನೆರಡು ಸಲ ಬಾಯಿ ಮುಕ್ಕಳಿಸಿದರು. ಡಾಕ್ಟರು ಏನೂ ಆಗಿಲ್ಲವೆಂದರು; ಆದರೂ ಅವರು ಒಂದು ವಾರ ತೇಗು ಬಂದಾಗಲೆಲ್ಲ ಬೆಂಕಿಪೊಟ್ಟಣದಿಂದ ದೂರ ಸರಿಯುತ್ತಿದ್ದರು. ಪಾತ್ರೆ ಲತಾಮಣಿಯವರ ತವರಿನದು. ಅದನ್ನು ಅವರು ಗಂಡನ ಮುಂದೆಯೇ ಗುಜರಿಗೆ ಹಾಕಿ, "ಇದಕ್ಕೂ ಒಂದು ಬೆಲೆ ಹೇಳಿ ನೋಡೋಣ," ಎಂದರು. ನಂದಕುಮಾರ್ ಪರಿಶೀಲಿಸೋಣ ಎನ್ನಲಿಲ್ಲ.

ಶುಕ್ರವಾರ ಅವರು ಜಿಕೋವನ್ನು ಜೋಡಿಸಿದರು. ಅದು ಬೆಳ್ಳಿಯ ಕುಂಕುಮದ ಭರಣಿಯ ಹಾಗೆ ಹೊಳೆಯುತ್ತಿತ್ತು. ಆದರೆ ಪೇಪರಿನ ಮೇಲೆ ಇನ್ನೂ ಮೂರು ಭಾಗಗಳು ಉಳಿದಿದ್ದವು. ಮತ್ತೆ ಬಿಚ್ಚಿ ಜೋಡಿಸಿದರು, ಐದು ಉಳಿದವು. ಮೂರನೆಯ ಸಲ ಬಿಚ್ಚುವ ಧೈರ್ಯ ಬರಲಿಲ್ಲ. ಭಾನುವಾರಕ್ಕೆ ಎರಡು ದಿನ. ಐನೂರು ಎಂದರೆ ತಮ್ಮ ಬಿಡುವುದಿಲ್ಲ, ಲಕ್ಷ ಎಂದರೆ ಅಣ್ಣ ಬಿಡುವುದಿಲ್ಲ, ಐದು ಭಾಗ ಉಳಿದಿವೆ ಎಂದರೆ ಇಬ್ಬರೂ ಬಿಡುವುದಿಲ್ಲ. ಜಾವಾದ ಮೇಲೆ ಕೂರಲು ಕಾಯುತ್ತಿರುವ ಮುದುಕಿಯ ಮುಖ ನೆನಪಾಗಿ ಅವರಿಗೆ ಅನ್ನ ಇಳಿಯಲಿಲ್ಲ. ನಾಚಿಕೆ ಬಿಟ್ಟು ಮನೋಜನಿಗೆ ಫೋನ್ ಮಾಡಿದರು.

"ಅಂಕಲ್, ಜಾವಾ ಅಂದ್ರೆ ಬನಶಂಕರಿ ಮುನಿಯಕ್ಕ," ಎಂದ ಅವನು. "ನಾವೆಲ್ಲ ಕೊನೇಗೆ ಅಲ್ಲಿಗೇ ಹೋಗೋದು. ನಿಮಗೆ ಗೊತ್ತೇ ಇರತ್ತಲ್ಲ!"

ಮುನಿಯಕ್ಕನ ಗ್ಯಾರೇಜು ಒಂದು ಶೀಟಿನ ಮಾಡು, ಒಂದು ಬೆಂಚು. ಗಂಡ ಸತ್ತ ಮೇಲೆ ಇಪ್ಪತ್ತೈದು ವರ್ಷದಿಂದ ಅವಳೇ ನಡೆಸುತ್ತಿದ್ದಳು. ಸೀರೆಯ ಮೇಲೆ ಖಾಕಿ ಷರ್ಟು, ಹಣೆಯ ಮೇಲೆ ಕಾಸಗಲದ ಕುಂಕುಮ. ನಂದಕುಮಾರ್ ಹೊಳೆಯುವ ಜಿಕೋವನ್ನೂ ಐದು ಭಾಗಗಳ ಪೊಟ್ಟಣವನ್ನೂ ಬೆಂಚಿನ ಮೇಲಿಟ್ಟರು. ಅವಳು ಪೊಟ್ಟಣವನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು.

"ನೀವೇನಾ ಆ ಕಾರ್ಬುರೇಟರ್ ನಂದಣ್ಣ?"

ನಂದಕುಮಾರ್ ತಲೆ ತಗ್ಗಿಸಿದರು. "ನನಗೇನೂ ಗೊತ್ತಿಲ್ಲಮ್ಮ. ಒಂದಿನ ಒಂದ್ ಮಾತು ಹೇಳ್ದೆ, ನಿಜ ಆಗ್ಬಿಡ್ತು."

ಅಷ್ಟು ಸರಳವಾದ ಅಭಿಪ್ರಾಯವನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮುನಿಯಕ್ಕ ಬೆಂಚು ನಡುಗುವ ಹಾಗೆ ನಕ್ಕಳು. ನಕ್ಕು, ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ನೋಡಿ ಸಾರ್, ಇದ್ರಲ್ಲಿ ಏನೂ ಮಂತ್ರ ಇಲ್ಲ. ಗಾಳಿ, ಪೆಟ್ರೋಲು ಎರಡ್ನೂ ಜಗಳ ಇಲ್ದಂಗೆ ಸೇರ್ಸೋ ಡಬ್ಬಿ ಅಷ್ಟೆ. ಈ ಸೂಜಿ ಬಿಟ್ರೆ ಪೆಟ್ರೋಲ್ ನಿಲ್ಲಲ್ಲ, ರೋಡೆಲ್ಲ ಹರಿಯುತ್ತೆ. ಈ ತೇಲೋ ಬುಡ್ಡೆ ಬಗ್ಗಿದೆ. ಯಾರೋ ಕಚ್ಚಿದಂಗಿದೆ."

"ನಮ್ಮ ಮನೆ ಓನರ್ರು," ಎಂದರು ನಂದಕುಮಾರ್.

ಎರಡು ಗಂಟೆ ಹಿಡಿಯಿತು. ಅವಳು ತೂತುಗಳನ್ನು ಕೂದಲೆಳೆಯಂಥ ತಂತಿಯಿಂದ ಬಿಡಿಸಿದಳು, ಹಳೆಯ ಡಬ್ಬದಲ್ಲಿ ಹುಡುಕಿ ಇನ್ನೊಂದು ತೇಲುಬುಡ್ಡೆ ಹಾಕಿದಳು, ಹೊಸ ವಾಷರ್ ಕತ್ತರಿಸಿದಳು. ಒಂದು ಭಾಗವೂ ಉಳಿಯಲಿಲ್ಲ. ಬೆಲೆ ಎಷ್ಟಾಗಬಹುದು ಎಂದು ಕೇಳಿದಾಗ, "ಗಾಡೀಲಿ ಕೂತು ಓಡಿದ್ಮೇಲೆ ಹೇಳ್ತೀನಿ. ಬೆಂಚ್ ಮೇಲೆ ಕೂತಿರೋದಕ್ಕೆ ಎಂಥ ಬೆಲೆ? ಭಾನುವಾರ ನಾನೂ ಬರ್ತೀನಿ. ಆದ್ರೆ ನೀವು ಮಾಡಿದ್ದು ಅಂತ ಹೇಳ್ಕೋಬಾರ್ದು," ಎಂದಳು.

ಭಾನುವಾರ ಬೆಳಿಗ್ಗೆ ಗಿರಿನಗರದ ಪೋರ್ಟಿಕೋದಲ್ಲಿ ಬೀದಿಯೇ ಸೇರಿತ್ತು. ನಂದಕುಮಾರ್ ಗಂಟಲು ಸರಿಮಾಡಿಕೊಂಡು, ಸರಿ ಮಾಡಿದ್ದು ಮುನಿಯಕ್ಕ, ತಮಗೆ ಕಾರ್ಬುರೇಟರ್ ಬಗ್ಗೆ ಏನೇನೂ ಗೊತ್ತಿಲ್ಲ ಎಂದು ಎಲ್ಲರೆದುರು ಹೇಳಿದರು.

"ನೋಡಿ, ಎಷ್ಟು ವಿನಯ!" ಎಂದರು ಗಂಗಾಧರಯ್ಯ.

"ದೊಡ್ಡೋರು ಯಾವಾಗ್ಲೂ ಹಂಗೇನೆ," ಎಂದ ಚಲುವರಾಜು. ಹದಿನೆಂಟು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು. ಇಬ್ಬರಿಗೂ ಅದು ಗೊತ್ತಾಗಿ, ಥಟ್ಟನೆ ಬೇರೆ ಬೇರೆ ಕಡೆ ಮುಖ ತಿರುಗಿಸಿದರು.

ಮುನಿಯಕ್ಕ ಕಾರ್ಬುರೇಟರ್ ಕೂರಿಸಿ ಪೆಟ್ರೋಲ್ ಕೇಳಿದಳು. ಆಗ ಮತ್ತೊಂದು ವ್ಯಾಜ್ಯ ಎದ್ದಿತು. ಗಾಡಿ ತನ್ನದಾದರೂ ಪೆಟ್ರೋಲ್ ಕುಡಿಯುವುದು ಕಾರ್ಬುರೇಟರ್ ಎಂದು ಅಣ್ಣ. ಕುಡಿದು ಓಡುವುದು ಗಾಡಿ ಎಂದು ತಮ್ಮ. ಕೊನೆಗೆ ಇಬ್ಬರೂ ಸಮಪಾಲಾಗಿ ಒಂದೊಂದು ಸಣ್ಣ ನೀರಿನ ಬಾಟಲಿಯಲ್ಲಿ ಕಾಲು ಕಾಲು ಲೀಟರ್ ತಂದರು. ಮುನಿಯಕ್ಕ ಎರಡಕ್ಕೂ ಎಂಜಿನ್ ಆಯಿಲ್ ಬೆರೆಸಿ ಸುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒದ್ದಳು. ಮೂರನೆಯ ಒದೆತಕ್ಕೆ ಜಾವಾ ಬೀದಿ ತುಂಬ ನೀಲಿ ಹೊಗೆ ಬಿಟ್ಟು ಹಾಡತೊಡಗಿತು. ಬೈರಮ್ಮನ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು.

"ಅದೇ ಶಬ್ದ," ಎಂದರು. ಅಷ್ಟೇ ಎಂದರು.

ಈಗ ಓಡಿಸುವವರು ಯಾರು? ಅಣ್ಣನಿಗೆ ಸೊಂಟನೋವು, ತಮ್ಮ ಕಾರು ಬಿಟ್ಟು ಬೇರೆ ಹತ್ತಿ ಹದಿನೆಂಟು ವರ್ಷ. ಎಲ್ಲರೂ ನಂದಕುಮಾರರನ್ನು ನೋಡಿದರು.

"ನನಗೆ ಸೈಕಲ್ಲೂ ಬರಲ್ಲ," ಎಂದರು ನಂದಕುಮಾರ್.

ಈ ಸಲ ಯಾರಿಗೂ ಅದು ವಿನಯ ಎನಿಸಲಿಲ್ಲ. ಬೀದಿಯ ಕಾರ್ಬುರೇಟರ್ ಪಂಡಿತನನ್ನು ಜನ ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟರಲ್ಲಿ ಬೈರಮ್ಮ, "ಆ ಹೆಣ್ಣುಮಗಳೇ ಓಡಿಸ್ಲಿ ಬಿಡ್ರೋ," ಎಂದು ಎದ್ದಾಗಿತ್ತು. ಶ್ವೇತ ಅಜ್ಜಿಯ ತಲೆಗೆ ಹೆಲ್ಮೆಟ್ ಹಾಕಿದಳು. ಮುದುಕಿ ಮುನಿಯಕ್ಕನ ಸೊಂಟ ಹಿಡಿದು ಪಕ್ಕಕ್ಕೆ ಕಾಲು ಬಿಟ್ಟು ಕೂತದ್ದೇ ತಡ, ಇಬ್ಬರೂ ಹೊಗೆಯೊಳಗೆ ಮಾಯವಾದರು.

ಹತ್ತು ನಿಮಿಷದ ಒಂದು ರೌಂಡು ಎಂದು ಹೇಳಿ ಹೋದವರು ನಲವತ್ತು ನಿಮಿಷವಾದರೂ ಬರಲಿಲ್ಲ. ಮುನಿಯಕ್ಕನಿಗೆ ಫೋನ್ ಮಾಡಿದರೆ, ಅದು ಪೋರ್ಟಿಕೋದಲ್ಲಿ ಅವಳ ಚೀಲದೊಳಗೇ ಹಾಡಿತು. ಗಂಗಾಧರಯ್ಯ ಬೆವರಿದರು. ಚಲುವರಾಜು ಆಟೊ ಕೂಗಿದ. ಇಬ್ಬರೂ ಏಕಕಾಲಕ್ಕೆ ನುಗ್ಗಿ, ಪಂಚಾಯ್ತಿ ಮುಗಿಯದೆ ಬಿಡಬಾರದೆಂದು ನಂದಕುಮಾರರನ್ನೂ ನಡುವೆ ಎಳೆದುಕೊಂಡರು.

"ನಂದಣ್ಣೋರೇ, ಅವರ್ಗೆ ಹೇಳಿ, ಅವ್ವಂಗೇನಾದ್ರೂ ಆದ್ರೆ..." ಎಂದು ಶುರುಮಾಡಿದರು ಗಂಗಾಧರಯ್ಯ.

ನಂದಕುಮಾರ್ ಬಲಕ್ಕೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಚಲುವರಾಜು ಅವರ ತಲೆಯ ಮೇಲಿಂದಲೇ ಕೂಗಿದ: "ನಿಂದೇ ತಪ್ಪು ಕಣೋ ಅಣ್ಣ! ಯಾವನಾದ್ರೂ ಕಾಲು ಲೀಟರ್ ಪೆಟ್ರೋಲ್ ತರ್ತಾನಾ?"

"ನೀನೆಷ್ಟೋ ತಂದಿದ್ದು? ನಿನ್ನಂಥ ಜುಗ್ಗನ್ನ ನಾನೆಲ್ಲೂ ನೋಡಿಲ್ಲ!"

"ಚಿಕ್ಕೋನಿದ್ದಾಗಿಂದ ನಿಂದು ಇದೇ ಬುದ್ಧಿ!"

ಆಟೊದವನು ನೀಲಿ ಹೊಗೆ ಹೋದ ದಾರಿ ಕೇಳುತ್ತ ಗಿರಿನಗರ ಬಿಟ್ಟು ಹನುಮಂತನಗರಕ್ಕೆ ಬರುವವರೆಗೆ ಹದಿನೆಂಟು ವರ್ಷದ ಬೈಗುಳ ನಂದಕುಮಾರರ ಮೂಗಿನ ಮುಂದೆ ಎಡಕ್ಕೂ ಬಲಕ್ಕೂ ಹಾರಾಡಿತು. ಯಾರೂ ಅವರನ್ನು ಮಧ್ಯೆ ಹೇಳಲು ಕೇಳಲಿಲ್ಲ. ಅವರು ಮಂಡಿ ಕೂಡಿಸಿಕೊಂಡು ಹಾಯಾಗಿ ಕೂತಿದ್ದರು.

ಅಲ್ಲಿನ ಗುಡ್ಡದ ದೇವಸ್ಥಾನದ ಕೆಳಗೆ, ಒಂದು ದರ್ಶಿನಿ ಹೋಟೆಲಿನ ಮುಂದೆ ಜಾವಾ ನಿಂತಿತ್ತು. ಬೈರಮ್ಮ ಹೆಲ್ಮೆಟ್ ಹಾಕಿಕೊಂಡೇ ಅದರ ಮೇಲೆ ಕೂತು ಬೈಟೂ ಕಾಫಿ ಕುಡಿಯುತ್ತಿದ್ದರು. ಇನ್ನೊಂದು ಲೋಟ ಮುನಿಯಕ್ಕನ ಕೈಯಲ್ಲಿತ್ತು.

"ಗಾಡಿ ಸೂಪರಾಗೈತೆ," ಎಂದಳು ಅವಳು. "ಪೆಟ್ರೋಲ್ ಮುಗೀತು ಅಷ್ಟೆ. ಬೆಲೆ ಕೇಳ್ತಿದ್ರಲ್ಲ, ಹೇಳ್ಲಾ?"

ಅಣ್ಣತಮ್ಮಂದಿರು ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದರು. ಗಂಗಾಧರಯ್ಯ ಬಂಕಿಗೆ ಹೋಗಿ ಬರೋಣವೆಂದರು, ಚಲುವರಾಜು ಬೇಡ, ಗಿರಿನಗರ ಇಲ್ಲೇ ಇದೆಯಲ್ಲ, ಮನೆಗೆ ತಳ್ಳೋಣವೆಂದ. ಅಣ್ಣ ಎಡಗಡೆಯ ಹ್ಯಾಂಡಲ್ ಹಿಡಿದರು. ತಮ್ಮ ಬಲಗಡೆಯದು. ನಂದಕುಮಾರ್ ಹಿಂದಿನಿಂದ ಕೈ ಕೊಟ್ಟರು. ಗಾಡಿ ಒಂದು ಮಾರು ಸರಿಯುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂತು.

"ಅವ್ವ, ಇಳ್ಕೊಂಡು ಆಟೋದಲ್ಲಿ ಬಾರವ್ವ," ಎಂದರು ಗಂಗಾಧರಯ್ಯ. "ಭಾರ ಆಗುತ್ತೆ."

ಬೈರಮ್ಮ ಕಾಫಿ ಲೋಟವನ್ನು ಮುನಿಯಕ್ಕನ ಕೈಗೆ ಕೊಟ್ಟು, ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದರು.

"ಇಳಿಯಲ್ಲ. ನಾನು ಇಳಿದ್ರೆ ನೀವಿಬ್ರೂ ಒಂದೊಂದ್ ಭಾಗ ಬಿಚ್ಕೊಂಡು ಹೋಗ್ತೀರ. ತಳ್ರೋ ಸುಮ್ನೆ."